ಜಾಕೆಟ್ಟಿಗೆ ಕಟ್ಟಿದ ಅರಿಶಿನದ ದಾರ

ಇದು ಕಟ್ಟುಕತೆ ಅಂದ್ಕೊಂಡ್ರೆ ಈಗಲೇ ಎದ್ದು ಹೋಗಿ ಮಲಗಿ, ನನಗೇನೂ ಬೇಜಾರಿಲ್ಲ. ನಮ್ಮ ಪಕ್ಕದ ಮನೆ ರುದ್ರೇಶನಿಗೆ ಆದದ್ದು. ಎರಡು ಸಾವಿರದ ಏಳನೇ ಇಸವಿ, ದೀಪಾವಳಿ ಕಳೆದಿತ್ತು. ಆಗ ಹೇರೋಹಳ್ಳಿಯಲ್ಲಿ ಬೀದಿದೀಪ ಎಲ್ಲಿತ್ತು? ಮಾಗಡಿ ರೋಡಲ್ಲಿ ಕೊನೇ ಬಸ್ಸು ಇಳಿದ್ರೆ ಮಣ್ಣುದಾರಿ, ಖಾಲಿ ಸೈಟು, ಆಮೇಲೆ ಊರಿನ ಹಳೇ ಬಾವಿ... ಅದನ್ನ ದಾಟಿಯೇ ಮನೆಗೆ ಹೋಗಬೇಕು.

ರುದ್ರೇಶ ಗದಗಿನ ಕಡೆಯವನು, ಅಂಜುಬುರುಕ ಅಲ್ಲವೇ ಅಲ್ಲ. ರಾಜಾಜಿನಗರದ ಒಂದು ಶೆಡ್ಡಿನಲ್ಲಿ ಕೆಲಸ. ಸಮುದ್ರದ ಮೇಲೆ ಹಾರೋ ಪುಟ್ಟ ವಿಮಾನಗಳ ಲೈಫ್ ಜಾಕೆಟ್ ಅಲ್ಲಿಗೆ ಬರ್ತಿದ್ವು. ಗಾಳಿ ತುಂಬಿಸಿ, ಸೋರುತ್ತಾ ನೋಡಿ, ಮಡಚಿ, ಚೀಲಕ್ಕೆ ಹಾಕಿ ಸೀಲ್ ಮಾಡೋದು. ವಿಮಾನ ನೀರಿಗಿಳಿದ್ರೆ ಜನ ಹೊರಗೆ ಬಂದು ಅದರ ಕೆಂಪು ಹಿಡಿ ಎಳೀಬೇಕು. ಬುಸ್ಸಂತ ಉಬ್ಬುತ್ತೆ, ಮನುಷ್ಯ ತೇಲ್ತಾನೆ.

ಆ ವರ್ಷ ಆಯುಧಪೂಜೆ ದಿನ ಮಷೀನಿಗೆಲ್ಲ ಕುಂಕುಮ ಇಟ್ಟ. ಪುಣ್ಯಾತ್ಮ, ಅಷ್ಟಕ್ಕೇ ಸುಮ್ಮನಿರಬಾರದಾ? ಒಂದು ವಿಮಾನಕ್ಕೆ ಹೋಗಬೇಕಿದ್ದ ಜಾಕೆಟ್ಟುಗಳಿಗೂ ಪೂಜೆ ಮಾಡಿದ. ನೂಲು ಹೊಸೆದು, ಅರಿಶಿನ ಹಚ್ಚಿ, ಕೆಂಪು ಹಿಡಿಯನ್ನೂ ಸೊಂಟದ ಪಟ್ಟಿಯನ್ನೂ ಸೇರಿಸಿ ಬಿಗಿಯಾಗಿ ಗಂಟು ಹಾಕಿದ.

"ಬಿಚ್ಚೋದು ಬೇಡ್ವೇನೋ?" ಅಂತ ಮಾಲೀಕ ಲಕ್ಷ್ಮೀಪತಿ ಕೇಳಿದ್ರು.

"ದೇವರ ದಾರ ಐತ್ರಿ ಸಾರ್. ತಾನಾಗೇ ಹರೀಬೇಕು, ನಾವು ಕತ್ತರಿಸಬಾರದು."

ಅವರಿಗೂ ಹೌದು ಅನ್ನಿಸ್ತು. ದಾರದ ಸಮೇತ ಸೀಲಾಗಿ ಹೋದ್ವು.

ಸರಿ, ದೀಪಾವಳಿ ಕಳೆದ ಮೇಲೆ ಒಂದು ರಾತ್ರಿ ಕೊನೇ ಬಸ್ಸಿಳಿದು ಬರ್ತಿದ್ದಾನೆ. ಬಾವಿ ಹತ್ತಿರ ಸದ್ದು. ಟಕ್... ಟಕ್... ಪ್ಲಾಸ್ಟಿಕ್ ಹಿಡಿ ಎಳೆದು ಬಿಟ್ಟ ಹಾಗೆ. ಆ ಸದ್ದು ದಿನಾ ಕೇಳಿದವನು ಅವನು. ಆದರೆ ಅದರ ಹಿಂದೆ ಬರಬೇಕಾದ ಬುಸ್... ಅದು ಬರ್ತಾನೇ ಇಲ್ಲ.

ಬಾವಿಕಟ್ಟೆ ಮೇಲೆ ನಾಲ್ಕೈದು ಜನ. ಎಲ್ಲರ ಕೊರಳಲ್ಲೂ ಹಳದಿ ಜಾಕೆಟ್. ಮೈಯಿಂದ ತೊಟತೊಟ ನೀರು.

"ಯಾರ್ರೀ ನೀವು?"

ಮುಂದಿದ್ದವನು ಪಿಸುಗುಟ್ಟಿದ. "ಅಣ್ಣಾ... ಇದೊಂಚೂರು ಬಿಚ್ಚಿಕೊಡಿ. ಬೆರಳು ಮರಗಟ್ಟಿದಾವೆ."

"ಏನಾತು?"

"ಹೇಳಿಕೊಟ್ಟ ಹಾಗೇ ಮಾಡಿದ್ವಿ ಅಣ್ಣಾ. ಒಳಗೆ ಎಳೀಲಿಲ್ಲ... ಹೊರಗೆ ಬಂದೇ ಎಳೆದ್ವಿ..."

ರುದ್ರೇಶ ಬಗ್ಗಿ ನೋಡಿದ. ಅರಿಶಿನದ ದಾರ. ಅವನದೇ ಗಂಟು! ಬಿಚ್ಚೋಕೆ ಹೋದ. ನೆಂದ ನೂಲು, ಉಗುರು ಕಿತ್ತುಬಂದ್ರೂ ಜಗ್ಗಲಿಲ್ಲ. ಕೊನೆಗೆ ಬಾಯಿ ಹಾಕಿ ಹಲ್ಲಲ್ಲಿ ಹರಿದ. ಟಕ್... ಬುಸ್ಸ್ಸ್! ಜಾಕೆಟ್ ಉಬ್ಬಿತು. ಆ ಮನುಷ್ಯ ಕಣ್ಣೆದುರೇ ಇಲ್ಲವಾದ.

ಉಳಿದವರು ಹತ್ತಿರ ಬಂದ್ರು. "ನಂದೂ ಅಣ್ಣಾ..." "ನಂದೂ..." ತಣ್ಣನೆ ಕೈ ಮುಂಗೈ ಮೇಲೆ ಬಿತ್ತು. ಅಯ್ಯಪ್ಪಾ! ಕೈ ಬಿಡಿಸಿಕೊಂಡು ಓಡಿದ. ಮನೆ ಬಾಗಿಲು ಮುಟ್ಟೋವರೆಗೂ ಬೆನ್ನ ಹಿಂದೆ ಟಕ್... ಟಕ್... ಟಕ್...

ಬೆಳಿಗ್ಗೆ ನಮ್ಮ ಮನೆ ಟಿವಿಯಲ್ಲಿ ಸುದ್ದಿ ಬಂತು. ದ್ವೀಪಕ್ಕೆ ಹೊರಟ ಪುಟ್ಟ ವಿಮಾನ ಇಂಜಿನ್ ಕೆಟ್ಟು ರಾತ್ರಿ ಸಮುದ್ರಕ್ಕಿಳಿದಿತ್ತಂತೆ. ಎಲ್ಲರೂ ಸರಿಯಾಗೇ ಹೊರಗೆ ಬಂದಿದ್ರಂತೆ. ಬದುಕಿದ್ದು ಮಾತ್ರ ಒಬ್ಬನೇ. ಅವನ ಮುಖ ತೋರಿಸಿದಾಗ ರುದ್ರೇಶ ನಮ್ಮ ಗೋಡೆಗೆ ಹಣೆ ಚಚ್ಚಿಕೊಂಡ. "ಉಳಿದವ್ರದೂ ಹರೀಬೇಕಿತ್ರೀ ಆಂಟಿ... ಹಲ್ಲು ಇದ್ವು ನನಗ. ನಾ ಓಡಿಬಂದೆ." ನನಗೂ ಅಳು ಬಂತು.

ಅವತ್ತಿಂದ ಅವನ ಬಾಯಿಗೆ ಏನಿಟ್ಟರೂ ಉಪ್ಪು. ಹೆಂಡತಿ ಭುವನೇಶ್ವರಿ ಸಪ್ಪೆ ಸಾರು ಮಾಡಿದ್ರೂ ಉಪ್ಪು, ಕಾವೇರಿ ನೀರೂ ಉಪ್ಪು. ಸುಳ್ಳಾದ್ರೆ ನನ್ನ ನಾಲಿಗೆ ಸೇದಿಹೋಗಲಿ. ಒಂದಿನ ನಾನೇ ಬೆಲ್ಲದ ಪಾನಕ ಮಾಡಿಕೊಟ್ಟೆ. ಒಂದು ಗುಟುಕು ಕುಡಿದು ಉಗಿದುಬಿಟ್ಟ. ಇವನಿಗೆ ಭ್ರಮೆ ಅಂದ್ಕೊಂಡು, ಲೋಟದಲ್ಲಿ ಉಳಿದಿದ್ದನ್ನ ನಾನು ಬಾಯಿಗಿಟ್ಟು ನೋಡಿದೆ...

ಉಪ್ಪಾಗಿತ್ತು.