ಐದನೆಯ ಹೆಬ್ಬೆಟ್ಟು

ಬೇಡಮ್ಮ, ಆ ಸ್ಟೂಲಲ್ಲಿ ಕೂರಬೇಡ, ಅದಕ್ಕೆ ಮೂರೇ ಕಾಲು ಗಟ್ಟಿ. ಈ ಬೆಂಚಿಗೆ ಬಾ. ಏನಂದೆ, ಐದೂ ಜನ ಹೊಣೆಗಾರರು ಇವತ್ತೇ ಬರಬೇಕಾ? ನಿನ್ನ ಆ ಬೆರಳಚ್ಚಿನ ಡಬ್ಬಿ ಮೇಲೆ ಒಬ್ಬೊಬ್ಬರೇ ಹೆಬ್ಬೆರಳು ಇಡಬೇಕಾ? ನಾನಂತೂ ಇಲ್ಲೇ ಇದ್ದೀನಿ. ಪಾದ್ರಿಗಳು ಆಸ್ಪತ್ರೇಲಿ ಯಾರನ್ನೋ ನೋಡೋಕೆ ಹೋಗಿದ್ದಾರೆ, ಇನ್ನೇನು ಬರ್ತಾರೆ. ಗಡಿಯಾರ ರಿಪೇರಿಯವನು ಅಂಗಡಿ ಮುಚ್ಚಿ ಬರ್ತೀನಿ ಅಂದಿದ್ದಾನೆ. ಊರವರ ಗಡಿಯಾರವೆಲ್ಲ ಸರಿಮಾಡ್ತಾನೆ, ತಾನು ಮಾತ್ರ ಯಾವತ್ತೂ ಹೊತ್ತಿಗೆ ಬಂದವನಲ್ಲ. ಶಾಲೆ ಬಸ್ಸಿನ ಡ್ರೈವರು ಮಕ್ಕಳನ್ನ ಇಳಿಸಿ ಬರ್ತಾನೆ. ನಾಲ್ಕಾಯ್ತಲ್ಲ. ಐದನೆಯವಳು ನನ್ನ ಓರಗಿತ್ತಿ... ಅವಳು ಮಗಳ ಮನೇಲಿದ್ದಾಳೆ. ಮಂಡಿನೋವು, ರೈಲು ಹತ್ತೋಕಾಗಲ್ಲ. ಫೋನಲ್ಲೇ ಹೇಳಿದ್ದೆನಲ್ಲ ನಿನಗೆ.

ನೀರು ಕುಡಿ. ಬಿಸಿಲಲ್ಲಿ ಬಂದಿದ್ದೀಯ.

ನಿನ್ನನ್ನ ಬಯ್ತಿಲ್ಲ ಮಗಳೇ. ನೀನು ಕಚೇರಿಯವಳು, ಕಳಿಸಿದ ಕಡೆ ಹೋಗಲೇಬೇಕು. ಈ ಹೊಸ ಕಾನೂನು ಬರೆದವರನ್ನ ಒಂದೇ ಒಂದು ದಿನ ಈ ಒಲೆ ಮುಂದೆ ನಿಲ್ಲಿಸಬೇಕಿತ್ತು ಅಂತ ನನ್ನ ಸಂಕಟ. ಈ ಚರ್ಚಿನ ಹಿಂದಿನ ಕೋಣೇಲಿ ನಾನೂ ನನ್ನ ಓರಗಿತ್ತೀನೂ ಒಲೆ ಹಚ್ಚಿ ಇಪ್ಪತ್ತಾರು ವರ್ಷ ಆಯ್ತು. ಭಾನುವಾರ ಆ ಕಡೆ ಪ್ರಾರ್ಥನೆ, ಮಂಗಳವಾರ ಶುಕ್ರವಾರ ಈ ಕಡೆ ಗಂಜಿ. ಈಗ ನೋಡಿದರೆ ಧರ್ಮದ್ದು ಒಂದು ಫೈಲಂತೆ, ದಾನದ್ದು ಇನ್ನೊಂದು ಫೈಲಂತೆ. ಎರಡಕ್ಕೂ ನಡುವೆ ಇರೋದು ಅದೊಂದೇ ಬಾಗಿಲು, ನೋಡು ಬೇಕಾದರೆ. ಆ ಬಾಗಿಲು ಯಾವ ಫೈಲಿಗೆ ಸೇರುತ್ತೆ?

ಯಾಕೆ ನಗ್ತೀಯ? ತಮಾಷೆ ಅಲ್ಲ. ಪಾದ್ರಿಗಳು ಇದನ್ನೇ ಬರೆದು ಕೇಳಿದ್ದಕ್ಕೆ ನಿಮ್ಮ ಕಚೇರಿಯಿಂದ ಉತ್ತರ ಬಂತು, ಬಾಗಿಲಿನ ಅಳತೆ ಕಳಿಸಿಕೊಡಿ ಅಂತ. ಬಸ್ಸಿನವನು ಟೇಪು ಹಿಡಿದು ಅಳೆದ. ಕಳಿಸಿದ್ವಿ. ಆಮೇಲೆ ಸುದ್ದಿಯೇ ಇಲ್ಲ.

ಅದೂ ಹೋಗಲಿ ಅನ್ನು. ಈ ಹೊಣೆಗಾರರ ವಿಷಯ ಇದೆಯಲ್ಲ, ಅದೇ ನನ್ನ ಪ್ರಾಣ ತಿಂತಿರೋದು. ಐದು ಜನ ಇರಬೇಕು, ಎಲ್ಲಾದರೂ ತಪ್ಪಾದರೆ ಐದೂ ಜನ ಕೋರ್ಟಿಗೆ ಬರಬೇಕು. ಐದರಲ್ಲಿ ಒಬ್ಬರು ಕಮ್ಮಿಯಾದರೂ ಅಡುಗೆಮನೆ ಬೀಗದಕೈ ಸೇತುವೆ ಆಚೆಯ ದೊಡ್ಡ ಟ್ರಸ್ಟಿನ ಕೈಗೆ. ಅಲ್ಲಿ ಊಟ ಕೊಡಲ್ಲ ಅಂತಲ್ಲ, ಕೊಡ್ತಾರೆ. ಮೊದಲು ಕಾರ್ಡು, ಆಮೇಲೆ ತಟ್ಟೆ. ನಮ್ಮಲ್ಲಿಗೆ ಬರೋ ನಲವತ್ತು ಮಂದೀಲಿ ಅರ್ಧ ಜನಕ್ಕೆ ಮನೆಯೇ ಇಲ್ಲ, ವಿಳಾಸ ಎಲ್ಲಿಂದ ತರ್ತಾರೆ? ಅಗೋ, ಗೋಡೆಗೆ ಒರಗಿ ಕೂತಿದ್ದಾನಲ್ಲ ಆ ಮುದುಕ, ಹೆಸರು ಕೇಳಿದರೆ ದಿನಕ್ಕೊಂದು ಹೇಳ್ತಾನೆ. ಸುಳ್ಳು ಹೇಳೋದಲ್ಲ ಪಾಪ, ಮರೆತುಹೋಗಿದೆ. ನಾವು ಕೇಳೋದೇ ಬಿಟ್ಟು ‘ದೊರೆ, ಬಾ’ ಅಂತೀವಿ. ಬರ್ತಾನೆ.

ಬೇರೆಯವರನ್ನ ಸೇರಿಸಿಕೊಳ್ಳಿ ಅಂತೀಯಾ? ನೀನು ಹೇಳೋ ತನಕ ನಾನು ಕಾದು ಕೂತಿದ್ದೆ ಅಂದುಕೊಂಡೆಯಾ? ದರ್ಜಿಯ ಹೆಂಡತಿನ ಕೇಳಿದೆ. ‘ಅಜ್ಜಿ, ಪಾತ್ರೆ ಎಷ್ಟಾದರೂ ತಿಕ್ಕಿಕೊಡ್ತೀನಿ, ಸಹಿ ಒಂದು ಕೇಳಬೇಡಿ’ ಅಂದಳು. ಔಷಧಿ ಅಂಗಡಿಯವನು ನನ್ನನ್ನ ಕಂಡರೆ ಈಗ ರಸ್ತೆ ದಾಟ್ತಾನೆ. ನನ್ನ ಹೊಟ್ಟೇಲಿ ಹುಟ್ಟಿದ ಮಗ, ಅವನೇ, ‘ಅಮ್ಮಾ, ನೀನು ಸಿಕ್ಕಿಹಾಕಿಕೊಂಡಿರೋದು ಸಾಲದಾ’ ಅಂದ. ಸೌಟು ಹಿಡಿಯೋಕೆ ಎಲ್ಲರೂ ಬರ್ತಾರೆ. ಪೆನ್ನು ಕಂಡರೆ ಎಲ್ಲರಿಗೂ ಮನೇಲಿ ಕೆಲಸ.

ಅವಳಿಗೆ ಫೋನಾ? ಈಗಲೇನಾ? ಈ ಹೊತ್ತಲ್ಲಿ ಮಲಗಿರ್ತಾಳೆ ಅವಳು... ಮುಖ ನೋಡಿ ಮಾತಾಡೋ ಫೋನು ಅವಳಿಗೆ ಆಗಿಬರಲ್ಲ, ತಲೆ ಸುತ್ತುತ್ತೆ. ಮಗಳ ನಂಬರು... ಎಲ್ಲೋ ಬರೆಸಿಟ್ಟಿದ್ದೆ. ಹುಡುಕಬೇಕು.

ಹೋದ ವರ್ಷದ ಸಭೆ ಪುಸ್ತಕದಲ್ಲಿ ಅವಳ ಹೆಬ್ಬೆಟ್ಟು ಇದೆಯಲ್ಲ, ಅದು ಸಾಲದಾ? ಹೂಂ, ಅವಳದೇ. ಅವಳೂ ನನ್ನ ಹಾಗೆ, ಶಾಲೆ ಮುಖ ಕಂಡವಳಲ್ಲ. ಎಲ್ಲರೂ ಒಂದೇ ಕಡೆ ಸೇರೋದು ನಮ್ಮಲ್ಲಿ ಯಾವತ್ತೂ ಆಗಲ್ಲಮ್ಮ. ಪುಸ್ತಕ ಚೀಲಕ್ಕೆ ಹಾಕಿಕೊಂಡು ನಾನೇ ಒಬ್ಬೊಬ್ಬರ ಹತ್ತಿರ ಹೋಗಿ ಸಹಿ ಹಾಕಿಸಿಕೊಂಡು ಬರ್ತೀನಿ. ಅವಳ ಹತ್ತಿರ ರೈಲಲ್ಲಿ ಹೋಗಿದ್ದೆ. ಟಿಕೆಟ್ಟು ಬೇಕಾದರೆ ತೋರಿಸ್ತೀನಿ.

ಹಿಂದಿನ ಪುಟ ಯಾಕೆ ತಿರುವ್ತೀಯ ಈಗ? ಅವಳ ಹಳೇ ಹೆಬ್ಬೆಟ್ಟೂ ಇದೂ ಬೇರೆ ಥರ ಕಾಣುತ್ತಾ? ವಯಸ್ಸಾಯ್ತಲ್ಲ, ಬೆರಳೂ ಸವೆಯುತ್ತೆ... ಗೆರೆನಾ? ಯಾವ ಗೆರೆ? ಮಸಿ ಸರಿಯಾಗಿ ಹತ್ತಿರಲ್ಲ, ಅದಕ್ಕೆ ಅಡ್ಡ ಗೆರೆ ಬಿದ್ದಿದೆ.

ನನ್ನ ಕೈ ಯಾಕೆ ನೋಡ್ತಿದ್ದೀಯ? ಇದು ಕುಂಬಳಕಾಯಿ ಹೆಚ್ಚುವಾಗ ಕುಯ್ದುಕೊಂಡಿದ್ದು. ಹಳೇ ಗಾಯ. ಬಲಗೈ ಹೆಬ್ಬೆರಳೇ, ಹೌದು...

ಪುಸ್ತಕ ಮುಚ್ಚು ತಾಯಿ. ಹೇಳ್ತೀನಿ.

...

ಎಡಗೈದು ನನ್ನದು ಅಂತ ಒತ್ತಿದೆ. ಬಲಗೈದು ಅವಳದು ಅಂತ ಒತ್ತಿದೆ. ರೈಲಲ್ಲೇ ಒತ್ತಿದ್ದು, ವಾಪಸು ಬರುವಾಗ. ಹೋಗಿದ್ದು ಮಾತ್ರ ಸುಳ್ಳಲ್ಲ. ಅವಳ ಮಂಡಿಗೆ ಎಣ್ಣೆ ತಿಕ್ಕಿ ಬರ್ತೀನಿ ಅಂತ ಪಾದ್ರಿಗಳಿಗೆ ಹೇಳಿ ಹೋದೆ. ಹೋಗಿ ಅವಳಿಗೆ ಮಣ್ಣು ಹಾಕಿ ಬಂದೆ.

ಹದಿನಾಲ್ಕು ತಿಂಗಳಾಯ್ತು. ಇಲ್ಲಿ ಯಾರಿಗೂ ಗೊತ್ತಿಲ್ಲ. ನನ್ನ ಮಗನಿಗೂ ಇಲ್ಲ. ಅವನಿಗೂ ಆ ಮನೆಯವರಿಗೂ ಮಾತು ಬಿಟ್ಟು ಎಷ್ಟೋ ವರ್ಷ ಆಯ್ತು. ನಮ್ಮ ನಾಲ್ವರನ್ನ ಬಿಟ್ಟರೆ ಹೊಸ ಕಾನೂನಿಗೆ ಹೆದರದೆ ಇದ್ದವಳು ಊರಿಗೆಲ್ಲ ಅವಳೊಬ್ಬಳೇ. ಅವಳನ್ನೂ ಬಿಟ್ಟುಕೊಟ್ಟರೆ ಈ ಒಲೆ ಆರುತ್ತೆ ಅಂತ... ಇಲ್ಲ, ಬರ್ಕೊ. ಎರಡೂ ಹೆಬ್ಬೆಟ್ಟು ಈ ಮುದುಕೀದೇ ಅಂತ ಬರ್ಕೊ. ಪಾದ್ರಿಗಳಿಗೆ ತಿಳೀದು ಅಂತಲೂ ಬರಿ, ಅದನ್ನ ಬಿಡಬೇಡ.

ನಿನಗೆ ಗೊತ್ತಾ, ವಾರ ವಾರ ಎಲ್ಲರೂ ಕೇಳ್ತಾರೆ, ‘ಹೇಗಿದ್ದಾರೆ ನಿಮ್ಮ ಓರಗಿತ್ತಿ, ನಮ್ಮ ನಮಸ್ಕಾರ ಹೇಳಿ’ ಅಂತ. ಹೇಳಿದೆ ಅಂತೀನಿ. ಅವಳೂ ನಿಮ್ಮನ್ನ ಕೇಳಿದಳು ಅಂತೀನಿ. ತೀರಿಕೊಂಡವರ ಹೆಸರು ಓದಿ ಪ್ರಾರ್ಥನೆ ಮಾಡ್ತಾರಲ್ಲ ಭಾನುವಾರ, ಊರಲ್ಲಿ ಹೋದವರದೆಲ್ಲ ಓದಿದರು, ಎಲ್ಲದಕ್ಕೂ ಎದ್ದು ನಿಂತೆ. ಅವಳದೊಂದು ಓದಿಸಲಿಲ್ಲ ನಾನು. ಅಷ್ಟು ವರ್ಷ ಇದೇ ಹೊಗೇಲಿ ನನ್ನ ಪಕ್ಕ ನಿಂತವಳದು.

ಗೇಟಿನ ಸದ್ದಾಯ್ತು. ಪಾದ್ರಿಗಳೇ ಇರಬೇಕು. ನೀನು ಏನೂ ಹೇಳಬೇಡ ಮಗಳೇ, ಕೂತಿರು. ನಾನೇ ಹೇಳ್ತೀನಿ. ಈ ಭಾನುವಾರ ಅವಳ ಹೆಸರು ಓದಿ ಅಂತ ಕೇಳ್ತೀನಿ, ಉಳಿದದ್ದು ಅವರಿಗೇ ಅರ್ಥವಾಗುತ್ತೆ.