ಅಕ್ಕನ ಮಗುವಿನ ತೊಟ್ಟಿಲ ಬೆಳ್ಳಿ

ಮಾನ್ಯ ಅಧ್ಯಕ್ಷರಾದ ಹಾಲ್ವರ್ ಅವರೇ, ಪೂಜ್ಯ ಪಾದ್ರಿಗಳೇ, ಓಸ್ಲೋದಿಂದ ದಯಮಾಡಿಸಿರುವ ಅತಿಥಿಗಳೇ, ಎದೆತುಂಬ ಬೆಳ್ಳಿ ತೊಟ್ಟು ಬಂದು ನನ್ನ ಮುದಿಗಣ್ಣು ಕೋರೈಸುತ್ತಿರುವ ಸೇಟೆಸ್ದಾಲ್ ಕಣಿವೆಯ ಸಭಿಕರೇ!

ಅಧ್ಯಕ್ಷರು ಹೊಗಳಿದ್ದು ಕೇಳಿ, ಯಾರೋ ಸತ್ತಿರಬೇಕು, ಸತ್ತವನು ನಾನೇ ಇರಬೇಕು ಅನ್ನಿಸಿತು. ನಗಿ, ನಗಿ. ಇನ್ನು ಮುಂದೆ ನಗುವಂಥದ್ದಿಲ್ಲ.

ಇಗೋ, ಇಲ್ಲಿಟ್ಟಿದ್ದೀರಲ್ಲ, ಈ ಸೋಲ್ಯೆ, ಈ ಎದೆಪದಕ! ಓಸ್ಲೋ ಪ್ರದರ್ಶನದಲ್ಲಿ ಮೊದಲ ಬಹುಮಾನ, ಕುಸುರಿಗಾರ ತಾರ್ಯೈ ಎಂದು ನನ್ನ ಹೆಸರಿನ ಚೀಟಿ ಹಚ್ಚಿದ್ದೀರಿ. ಕೂದಲೆಳೆಯಂಥ ತಂತಿ, ಉಸಿರು ತಾಗಿದರೆ ನಡುಗುವ ಎಲೆಗಳು. ಇದನ್ನು ಮಾಡಿದ ಕೈ ಯಾವುದು? ಈ ಕೈಯೇ? ಅಲ್ಲ ಸಭಿಕರೇ, ಅಲ್ಲ. ನನ್ನ ಮುತ್ತಜ್ಜನ ಕೈ.

ಇದು ನಮ್ಮ ಮನೆಯ ತೊಟ್ಟಿಲ ಬೆಳ್ಳಿ. ಜ್ಞಾನಸ್ನಾನದ ನೀರು ತಲೆಗೆ ಬೀಳುವವರೆಗೆ ಕೂಸಿನ ಅಂಗಿಗೆ ಬೆಳ್ಳಿ ಇರಬೇಕು, ಇಲ್ಲವಾದರೆ ನೆಲದಡಿಯವರು, ಆ ಮಾಯಾವಿ ಜನ, ಕೂಸನ್ನು ಒಯ್ಯುತ್ತಾರೆ. ಓಸ್ಲೋದವರು ನಂಬಲಿಕ್ಕಿಲ್ಲ. ನಾವು ನಂಬುವುದಿಲ್ಲ ಎನ್ನುತ್ತೇವೆ, ಆದರೂ ಬೆಳ್ಳಿ ಚುಚ್ಚುತ್ತೇವೆ.

ಈ ಬಹುಮಾನ ಬಂದ ವರ್ಷ ನನ್ನ ಅಕ್ಕ ಗುನ್‌ವೋರ್ ಗಂಡುಮಗು ಹೆತ್ತಳು. ಪ್ರದರ್ಶನಕ್ಕೆ ಮೂರೇ ದಿನ. ಮುತ್ತಜ್ಜನ ಪದಕದಂಥದ್ದೇ ಒಂದು ಮಾಡುತ್ತೇನೆಂದು ಊರೆಲ್ಲ ಸಾರಿ, ಚಳಿಗಾಲವಿಡೀ ಹೆಣಗಿ ಸೋತಿದ್ದೆ. ಉಳಿದದ್ದು ಅಳತೆ ನೋಡಲು ಹಿತ್ತಾಳೆಯಲ್ಲಿ ಮಾಡಿ ಬೆಳ್ಳಿ ನೀರು ಹಿಡಿಸಿದ್ದ ಮಾದರಿ. ಪಿನ್ನು ಸಡಿಲವಾಗಿದೆ, ಬಿಗಿಮಾಡಿ ಕೊಡುತ್ತೇನೆ ಎಂದು ಅಕ್ಕನಿಂದ ಪದಕ ಒಯ್ದೆ. ಒಯ್ದದ್ದು ಬೆಳ್ಳಿ, ತಂದು ಚುಚ್ಚಿದ್ದು ಹಿತ್ತಾಳೆ. ಬೆಳ್ಳಿ ನನ್ನ ಹೆಸರು ಹೊತ್ತು ಓಸ್ಲೋಗೆ ಹೋಯಿತು.

ಒಂಬತ್ತನೆಯ ದಿನ ಮಗು ತೀರಿಕೊಂಡಿತು. ಹುಟ್ಟಿದಾಗಲೇ ಎದೆಯಲ್ಲಿ ದೋಷವಿತ್ತೆಂದರು ಡಾಕ್ಟರು. ನಮ್ಮಮ್ಮ ಕೇಳಬೇಕಲ್ಲ!

"ಮೀಸೋವಾಗ ಬೆಳ್ಳಿ ತೆಗೆದಿಟ್ಟು ಮರ್ತಿದೀಯ. ನಿಜ ಹೇಳೇ."

"ಇಲ್ಲಮ್ಮ, ತೆಗೀಲೇ ಇಲ್ಲ. ತಮ್ಮನ್ನ ಕೇಳು, ಅವನೇ ಚುಚ್ಚಿದ್ದು."

ಅಮ್ಮ ನನ್ನತ್ತ ತಿರುಗಿದಳು. ಕೂಸಿನ ಅಂಗಿ ನನ್ನ ಕೈಯಲ್ಲಿತ್ತು. ಪಿನ್ನು ಚುಚ್ಚಿದ್ದಲ್ಲಿ ಕಾಸಗಲದ ಹಸಿರು ಕಲೆ. ಬೆಳ್ಳಿ ಹಸಿರು ಬಿಡುವುದುಂಟೇ? ನಾನು ಅಂಗಿಯನ್ನು ಮಡಿಸಿ ಒಲೆಗೆ ಹಾಕಿದೆ.

"ನಾನೇನು ತೊಟ್ಟಿಲು ಕಾಯ್ತಾ ಕೂತಿದ್ನಾ?" ಎಂದೆ.

ಅಷ್ಟೇ ಅಂದದ್ದು. ಅಮ್ಮ ಆ ಹಿತ್ತಾಳೆಯನ್ನು ಬೆಳ್ಳಿಯೆಂದೇ ತಿಳಿದು ಹೊಳೆಗೆಸೆದಳು. ಸಾಯುವವರೆಗೂ ಅಕ್ಕನ ಕೈಯಿಂದ ಒಂದು ಲೋಟ ಕಾಫಿ ಕುಡಿಯಲಿಲ್ಲ. ಈ ಕಣಿವೆಯ ಬಾಣಂತಿಯರು, ನೀವೇ ತಾಯಂದಿರೇ, ಅಕ್ಕ ಬಂದರೆ ತೊಟ್ಟಿಲನ್ನು ಒಳಕೋಣೆಗೆ ಎಳೆದುಕೊಂಡಿರಿ. ನಲವತ್ತೊಂದು ವರ್ಷ! ಮಗುವನ್ನು ಹಿತ್ತಾಳೆ ಕೊಂದಿತೇ? ಇಲ್ಲ. ಆದರೆ ಅಕ್ಕನನ್ನು?

ಅಧ್ಯಕ್ಷರೇ, ಆ ಚೀಟಿ ಕೀಳಿಸಿ. ಸನ್ಮಾನ ನನಗೆ ಬೇಡ.

ಎರಡನೆಯ ಸಾಲಿನಲ್ಲಿ ಕೂತಿದ್ದಾಳೆ ನನ್ನಕ್ಕ. ಅಕ್ಕ, ನೀನು ತೆಗೆದಿರ್ಲಿಲ್ಲ. ನಂಗೊತ್ತಿತ್ತು.

ಎದ್ದಳು. ಬೇಡ, ಯಾರೂ ಕೈ ಹಿಡಿಯಬೇಡಿ. ನನ್ನ ಕಡೆ ನೋಡುತ್ತಿಲ್ಲ ಅವಳು, ಬಾಗಿಲ ಕಡೆ ಹೊರಟಿದ್ದಾಳೆ. ಏಳಿ, ಎಲ್ಲರೂ ಏಳಿ. ಅವಳಿಗೆ ದಾರಿ ಬಿಡಿ.

ಇಷ್ಟು ಹೊತ್ತು ಕೇಳಿದಿರಿ, ಉಪಕಾರವಾಯಿತು. ನಮಸ್ಕಾರ.