ಹಗೇವಿನ ಮೇಲೆ ಭಜನೆ

೧೯೪೪ರಲ್ಲಿ ಕುರುಗೋಡಿನ ರೇಷನ್ ಅಂಗಡಿಯ ಮುಂದೆ, ಜೋಳಕ್ಕೆ ನಿಂತ ಸಾಲಿನಲ್ಲಿ ನನ್ನ ಮುಂದಿದ್ದ ಇಬ್ಬರು ಹೆಂಗಸರು ಮಾತಾಡುತ್ತಿದ್ದರು.

“ಉಚ್ಚೆಂಗೆಮ್ಮ, ಯುದ್ಧ ನಿಲ್ಲಲಿ ಅಂತ ಸಾವ್ಕಾರ್ರು ಭಜನಿ ಇಟ್ಟಾರ. ನಿನ್ನ ಮಗ ಬರ್ಮಾದಾಗ ಅದಾನ, ಬಂದು ಕೈಮುಗಿ.”

“ಎಲ್ಲಿ ನಡದೈತಿ, ಜಡೆಮ್ಮ?”

“ಅವರ ಹಿತ್ತಲದಾಗ ಚಪ್ಪರ ಹಾಕ್ಯಾರ.”

“ಅದರ ಬುಡಕ ನೆಲದಾಗ ಅವರ ಜೋಳದ ಹಗೇವು ಐತಿ. ಸುಗ್ಗ್ಯಾಗ ನಾನೇ ತುಂಬೀನಿ.”

“ಹಂಗನಬ್ಯಾಡ. ಬಚ್ಚಿಟ್ಟ ಜೋಳ ಹುಡುಕಾಕ ಬಂದ ಅಧಿಕಾರಿನೂ ಬೂಟು ಬಿಚ್ಚಿ ಕೈಮುಗಿದು ಹೋದ.”

“ದೇವರನ್ನ ಹಗೇವಿಗೆ ಮುಚ್ಚಳ ಮಾಡ್ಯಾರ, ಥೂ!”

“ಮತ್ತ ಯುದ್ಧ ನಿಲ್ಲೋದು ಬ್ಯಾಡೇನು?”

“ನನಗ ಬೇಕು. ನಿಂತ್ರ ಜೋಳದ ರೇಟು ಬೀಳ್ತೈತಿ, ಸಾವ್ಕಾರ್ಗ ಬೇಕೇನು ಕೇಳು.”

ಅಷ್ಟರಲ್ಲಿ ಜೋಳ ಮುಗಿಯಿತೆಂದು ಅಂಗಡಿಯವನು ಬಾಗಿಲು ಹಾಕಿದ. ಉಚ್ಚೆಂಗೆಮ್ಮ ಖಾಲಿ ಚೀಲ ಹೆಗಲಿಗೆ ಹಾಕಿಕೊಂಡು ಹೊರಟಳು.

“ನಡಿ ಜಡೆಮ್ಮ, ಭಜನಿಗೇ ಹೋಗೂಣು. ಜೋಳದ ಮ್ಯಾಲರ ಕುಂತು ಬರೂಣು.”